ಒಂದೇ ಉಸಿರಿನ ಪಾಲಯ್ಯ

ನೀರು ಶುದ್ಧೀಕರಣ ಘಟಕಗಳಿಗೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ವರ್ಗಾವಣೆ ಹೇಗೆ ತಪ್ಪಿಸಿಕೊಂಡಿರಿ ಎಂಬುದೇ ಅವರಿಗೆ ನಿಜವಾಗಿ ಬೇಕಾದದ್ದು. ಅದನ್ನು ಹೇಳುವುದೆಂದರೆ ನನಗೆ ಆಕಳಿಕೆ ಬರುತ್ತದೆ. ನಾನು ಅವರಿಗೆ ಪಾಲಯ್ಯನವರ ವಿಷಯ ಹೇಳುತ್ತೇನೆ. ಹೇಳಿ ಹೇಳಿ ಬಾಯಿ ನೋಯತೊಡಗಿದ್ದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಚಳ್ಳಕೆರೆಯಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಸೇರಿದೆ. ಹಳ್ಳಿಗಳಿಂದ ಶೀಷೆಗಳಲ್ಲಿ ಬಂದ ನೀರಿನಲ್ಲಿ ಏನಿದೆ, ಏನಿಲ್ಲ ಎಂದು ನೋಡಿ ಬರೆಯುವುದು ಕೆಲಸ. ಕೆಲವು ವರ್ಷಗಳಾದ ಮೇಲೆ ಮೇಲಿನವರು, "ಈಯಮ್ಮನಿಗೆ ಮಾತು ಚೆನ್ನಾಗಿ ಬರುತ್ತೆ, ತರಬೇತಿಗೆ ಹಾಕಿ" ಎಂದರು. ಅದು ಹೊಗಳಿಕೆಯೋ ಅಥವಾ ಪ್ರಯೋಗಾಲಯದಲ್ಲಿ ಉಳಿದವರಿಗೆ ಸ್ವಲ್ಪ ನೆಮ್ಮದಿ ಬೇಕಾಗಿತ್ತೋ ನನಗೆ ಇವತ್ತಿಗೂ ತಿಳಿಯದು. ಅಂತೂ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ಊರಿಗೆ ನೀರು ಬಿಡುವ ನೀರುಗಂಟಿಗಳಿಗೆ, ಘಟಕದ ಆಪರೇಟರುಗಳಿಗೆ ಪಾಠ ಹೇಳುವುದು ನನ್ನ ಪಾಲಿಗೆ ಬಂತು.

ಪಾಠ ಕೇಳಲು ಬಂದವರಲ್ಲಿ ಮುಕ್ಕಾಲು ಪಾಲು ನನಗಿಂತ ದೊಡ್ಡವರು. ಕುರಿ ಕಾದವರು, ಶೇಂಗಾ ಹೊಲದಲ್ಲಿ ಕೂಲಿ ಮಾಡಿದವರು, ಮಗ್ಗ ಬಿಟ್ಟು ಬಂದವರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ನಾನು ಕೂಗಾಡಿ ಮುಗಿಸುವವರೆಗೂ ಸುಮ್ಮನೆ ಕೂತಿದ್ದು, ಆಮೇಲೆ ಒಬ್ಬರು ಮೆಲ್ಲಗೆ, "ಮೇಡಮ್ಮಾರೆ, ನೀರು ಕುಡೀರಿ" ಎನ್ನುತ್ತಿದ್ದರು.

ಅವರು ಮಾಡುತ್ತಿದ್ದ ತಪ್ಪುಗಳೂ ಅವರ ಹಾಗೇ ಇದ್ದವು. ಮೊಳಕಾಲ್ಮೂರಿನ ಸಿದ್ದಾಪುರದ ಕಡೆಯ ಒಂದು ಊರಿನಿಂದ ಬಂದ ನೀರಿನಲ್ಲಿ ಒಮ್ಮೊಮ್ಮೆ ಕ್ಲೋರಿನ್ ಸರಿಯಾಗಿರುತ್ತಿತ್ತು, ಒಮ್ಮೊಮ್ಮೆ ಲವಲೇಶವೂ ಇರುತ್ತಿರಲಿಲ್ಲ. ಸೋಮಾರಿ ಇರಬೇಕೆಂದುಕೊಂಡು ಬಯ್ಯಲು ತಯಾರಾಗಿಯೇ ಹೋದೆ. ನೀರುಗಂಟಿ ತೊಟ್ಟಿಯ ಪಕ್ಕದಲ್ಲೇ ಹೊಸ ಪಂಚೆ ಉಟ್ಟು ನಿಂತಿದ್ದ.

"ಬ್ಲೀಚಿಂಗ್ ಪುಡಿ ಯಾಕೆ ಹಾಕಿಲ್ಲ?"

"ಇವತ್ತು ಮದುವೆ ಐತಲ್ರೀ. ಬೀಗರು ಬಂದವ್ರೆ. ಬ್ಲೀಚಿಂಗ್ ಹಾಕಿದ್ರೆ ಟೀ ವಾಸ್ನೆ ಬರ್ತೈತೆ. ಇಂಥಾ ನೀರಿನ ಊರಿಗೆ ಹೆಣ್ಣು ಕೊಟ್ವಲ್ಲಾ ಅಂತ ಅವರು ಆಡ್ಕೊಂಡ್ರೆ ಊರಿನ ಮರ್ಯಾದೆ ಏನಾಗ್ಬೇಕು?"

ಊರಿನಲ್ಲಿ ಯಾರ ಮದುವೆಯಾದರೂ ಆತ ತೊಟ್ಟಿಗೆ ಪುಡಿ ಹಾಕುತ್ತಿರಲಿಲ್ಲ. ಅಂದರೆ ಅತಿ ಹೆಚ್ಚು ಜನ ನೀರು ಕುಡಿಯುವ ದಿನವೇ ಆ ನೀರಿಗೆ ಕಾವಲಿಲ್ಲ. ಬಯ್ಯುವುದನ್ನು ಅಲ್ಲಿಗೇ ಬಿಟ್ಟೆ. ಟೀಗೆ ಬೇಕಾದಷ್ಟು ನೀರನ್ನು ಹಿಂದಿನ ದಿನವೇ ಹಂಡೆಗಳಲ್ಲಿ ಹಿಡಿದು ತೆರೆದಿಡಲು ಹೇಳಿದೆ. ವಾಸನೆ ಹೋಗುತ್ತದೆ, ಹೇಗೂ ಕುದಿಸುತ್ತೀರಿ, ತೊಟ್ಟಿಗೆ ಮಾತ್ರ ಪುಡಿ ಬೀಳಲೇಬೇಕು ಎಂದೆ. ಆತ ಅಂದಿನಿಂದ ಒಂದು ಮದುವೆಯಲ್ಲೂ ತಪ್ಪಲಿಲ್ಲ. ಈ ಜನಕ್ಕೆ ನಿಯಮ ಓದಿ ಹೇಳಿ ಪ್ರಯೋಜನವಿಲ್ಲ, ನಿಯಮಕ್ಕೆ ಅಡ್ಡ ಬರುವ ಅವರ ಕಾರಣ ಯಾವುದೆಂದು ಮೊದಲು ಕೇಳಬೇಕು ಎಂಬುದನ್ನು ನಾನು ಅಲ್ಲೇ ಕಲಿತೆ.

ಬ್ಲೀಚಿಂಗ್ ಪುಡಿಯದು ಸಣ್ಣ ತಾಪತ್ರಯ. ದೊಡ್ಡ ಭಯ ಇದ್ದದ್ದು ಗ್ಯಾಸಿನದು. ಎರಡು ತಾಲ್ಲೂಕುಗಳ ನಡುವೆ, ಬಿ.ಜಿ. ಕೆರೆ ದಾರಿಯಿಂದ ಒಳಕ್ಕೆ, ಸುತ್ತಲಿನ ಹಳ್ಳಿಗಳಿಗೆ ನೀರು ಕೊಡುವ ಒಂದು ಘಟಕವಿತ್ತು. ಅದರ ಹೆಸರು ಬೇಡ, ಈಗ ಅದು ಆ ರೂಪದಲ್ಲಿಲ್ಲ. ಒಂದು ಸಣ್ಣ ದಿಬ್ಬದ ಮೇಲೆ ಮರಳಿನ ಫಿಲ್ಟರುಗಳು, ಪಕ್ಕದಲ್ಲಿ ಕ್ಲೋರಿನ್ ಸಿಲಿಂಡರುಗಳ ಕೋಣೆ, ಕೆಳಗೆ ತಗ್ಗಿನಲ್ಲಿ ಕುರಿಗಳು ಮೇಯುವ ಬಯಲು. ಕ್ಲೋರಿನ್ ಗಾಳಿಗಿಂತ ಭಾರ. ಸೋರಿದರೆ ತಗ್ಗಿಗೆ ಇಳಿಯುತ್ತದೆ. ಆದ್ದರಿಂದ ಓಡುವಾಗ ಗಾಳಿಗೆ ಎದುರಾಗಿ, ಎತ್ತರಕ್ಕೆ ಓಡಬೇಕು. ಸೋರುವ ಸಿಲಿಂಡರಿನ ಮೇಲೆ ನೀರು ಸುರಿಯಬಾರದು, ಸುರಿದರೆ ತೂತು ಇನ್ನಷ್ಟು ದೊಡ್ಡದಾಗುತ್ತದೆ. ಒಬ್ಬರೇ ಒಳಗೆ ಹೋಗಬಾರದು. ಮುಖಕ್ಕೆ ಮಾಸ್ಕ್ ಇಲ್ಲದೆ ಹೋಗಲೇಬಾರದು. ಗಾಳಿಯ ದಿಕ್ಕಿನ ಪಾಠ ಮಾತ್ರ ನಾನು ಹೇಳುವುದೇ ಬೇಕಿರಲಿಲ್ಲ. ಕುರಿ ಕಾದವರು ತಾವೇ ಒಂದು ಕೋಲಿಗೆ ಹಳೆಯ ಕಂಬಳಿಯ ಚೂರು ಕಟ್ಟಿ ಛಾವಣಿಯ ಮೇಲೆ ನಿಲ್ಲಿಸಿದ್ದರು.

ಆ ಘಟಕಕ್ಕೆ ಮಾಸ್ಕ್ ತರಿಸಿದವರು ನಮ್ಮ ಇಂಜಿನಿಯರ್ ಗುರುಮೂರ್ತಿ ಸಾಹೇಬರು. ಒಳ್ಳೆಯ ಮನುಷ್ಯ. ಮೇಲಿನ ಕಚೇರಿಗೆ ಅಲೆದಲೆದು, ಜಗಳವಾಡಿ, ಕೊನೆಗೂ ಒಂದು ಮಾಸ್ಕ್ ಹಿಡಿದುಕೊಂಡು ಬಂದರು. ಘಟಕಕ್ಕೆ ಒಂದೇ, ಇನ್ನೊಂದು ಕೇಳಬೇಡಿ ಎಂದು ಮೇಲಿನವರು ಹೇಳಿದ್ದರಂತೆ. ಸಾಹೇಬರಿಗೆ ಇದ್ದ ಒಂದೇ ಚಟ ಎಲೆ ಅಡಿಕೆ. ಬಾಯಿ ತುಂಬಾ ಎಲೆ ಅಡಿಕೆ ಇಟ್ಟುಕೊಂಡೇ, "ನೋಡ್ರಪ್ಪಾ, ಹಿಂಗೆ ಹಾಕ್ಕೋಬೇಕು" ಎಂದು ಮಾಸ್ಕ್ ಏರಿಸಿದರು. ಒಳಗಿನಿಂದ ಇನ್ನೂ ಏನೇನೋ ಹೇಳಿದರು, ಯಾರಿಗೂ ಕೇಳಿಸಲಿಲ್ಲ. ತೆಗೆದಾಗ ರಬ್ಬರಿನ ಒಳಅಂಚಿಗೆ ಕೆಂಪು ರಸ ಹತ್ತಿತ್ತು. "ಹೂಂ, ಈಗ ನೀವು" ಎಂದು ಅವರು ಅದನ್ನು ಮುಂದೆ ಚಾಚಿದರು. ಸಾಲಿನಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ ಹಿಂದೆ ಸರಿದರು.

ಎಂಜಲು. ಅದು ನನಗೆ ಹೊಳೆದೇ ಇರಲಿಲ್ಲ. ಎಲ್ಲರ ಮೂಗು ಬಾಯಿ ಒಂದೇ ರಬ್ಬರಿನೊಳಗೆ ಹೋಗಬೇಕು, ಎಲ್ಲರ ಉಸಿರು, ಎಂಜಲು ಅದಕ್ಕೇ ಹತ್ತಬೇಕು. ಯಾರ ಬಾಯಿ ಆದಮೇಲೆ ಯಾರ ಬಾಯಿ ಎಂಬ ಪ್ರಶ್ನೆಯೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಹೋದ ಮೇಲೆ ನಾನು ಸೋಪು ಹಾಕಿ ತೊಳೆದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಆದರೂ ಕೆಂಪು ಪೂರ್ತಿ ಹೋಗಲಿಲ್ಲ. ಮಾಸ್ಕ್ ಪೆಟ್ಟಿಗೆ ಸೇರಿತು. ಪೆಟ್ಟಿಗೆ ಕೋಣೆಯ ಹೊರಗೋಡೆಗೆ ಏರಿತು. ಯಾರೂ ಅದನ್ನು ಮುಟ್ಟಲಿಲ್ಲ.

ಪಾಲಯ್ಯನವರು ಅಲ್ಲಿನ ಹಿರಿಯ ಆಪರೇಟರು. ತೆಳ್ಳಗೆ ಎತ್ತರದ ಮನುಷ್ಯ, ಮಾತು ಕಡಿಮೆ. ಅವರದು ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಮನೆತನ. ಅಣ್ಣ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಆ ಎತ್ತುಗಳನ್ನು ಮೇಯಿಸಿಕೊಂಡಿದ್ದ. ಪಾಲಯ್ಯನವರು ಸರ್ಕಾರಿ ಕೆಲಸಕ್ಕೆ ಬಂದಿದ್ದರೂ ಮನೆತನದ ಕಟ್ಟುಪಾಡು ಬಿಟ್ಟಿರಲಿಲ್ಲ. ಹೊರಗೆಲ್ಲೂ ಉಣ್ಣುತ್ತಿರಲಿಲ್ಲ. ಅಷ್ಟೂ ಹಳ್ಳಿಗಳಿಗೆ ನೀರು ಬಿಡುವ ಮನುಷ್ಯ ಆ ನೀರನ್ನು ತಾನು ಕುಡಿಯುತ್ತಿರಲಿಲ್ಲ. ತಮ್ಮ ಕುಲದವರೇ ಇರುವ ಹಟ್ಟಿಯ ಬಾವಿಯ ನೀರನ್ನು ಸೋರೆಬುರುಡೆಯಲ್ಲಿ ತಂದುಕೊಳ್ಳುತ್ತಿದ್ದರು. ಆದರೆ ಆ ಘಟಕದಲ್ಲಿ ಫಿಲ್ಟರನ್ನು ಅವರಷ್ಟು ಶುದ್ಧವಾಗಿ ತೊಳೆಯುವವರು ಇರಲಿಲ್ಲ. ತಾನು ಕುಡಿಯದ ನೀರಿನ ಮೇಲೆ ಅಷ್ಟು ಕಾಳಜಿ ಇಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ತೊಳೆದಿದ್ದೀನಲ್ಲ ಪಾಲಯ್ಯನೋರೆ, ಹಾಕ್ಕೊಳ್ಳಿ" ಎಂದೆ ಒಂದು ದಿನ.

"ತಾಮ್ರನೋ ಹಿತ್ತಾಳೆನೋ ಆಗಿದ್ರೆ ಬೆಂಕಿಗೆ ಹಿಡ್ದು ಹುಣಸೆಹಣ್ಣು ಹಚ್ಚಿ ತೊಳೀಬೋದಿತ್ರೀ. ಇದು ರಬ್ಬರು. ಮಣ್ಣಿನ ಗಡಿಗೆ ಇದ್ದಂಗೆ. ಒಂದ್ಸಲ ಎಂಜಲಾತು ಅಂದ್ರೆ ಆತು. ನಾನು ಮುಟ್ಟಿದ್ರೆ ನನಗೊಬ್ಬನಿಗೇ ಅಲ್ಲ, ಎತ್ತು ಕಾಯೋ ಅಣ್ಣನ ಮನೆಗೂ ಮೈಲಿಗೆ."

ಪಕ್ಕದಲ್ಲೇ ನಿಂತಿದ್ದ ತಿಪ್ಪೇಸ್ವಾಮಿ ನಕ್ಕ. ತಿಪ್ಪೇಸ್ವಾಮಿ ಅಲ್ಲಿನ ಎರಡನೇ ಆಪರೇಟರು, ಬಿ.ಜಿ. ಕೆರೆಯ ಕೂಲಿ ಮನೆತನದವನು, ವಯಸ್ಸಿನಲ್ಲಿ ಪಾಲಯ್ಯನವರಿಗಿಂತ ತುಂಬಾ ಚಿಕ್ಕವನು. "ನಮ್ಮ ಎಂಜಲು ಅಂತ ಅಲ್ರೀ ಮೇಡಮ್ಮಾರೆ. ಅವರ ಅಣ್ಣನ ಎಂಜಲೂ ಅವರಿಗೆ ಆಗಲ್ಲ. ಅದ್ರಾಗೆ ಭೇದ ಇಲ್ಲ ನಮ್ಮ ಪಾಲಣ್ಣಂಗೆ" ಎಂದ. ಪಾಲಯ್ಯನವರೂ ನಕ್ಕುಬಿಟ್ಟರು.

"ಹಾಗಾದರೆ ಗ್ಯಾಸ್ ಸೋರಿದರೆ ಏನು ಮಾಡ್ತೀರಿ?"

ಪಾಲಯ್ಯನವರು ತೋರಿಸಿದರು. ಬಾಗಿಲಲ್ಲಿ ನಿಂತು ಎದೆ ತುಂಬಾ ಉಸಿರು ಎಳೆದು, ಕಣ್ಣು ಮುಚ್ಚಿಕೊಂಡು, ಬಾಯಿ ಬಿಗಿದು ಒಳಗೆ ಹೋದರು. ಗೋಡೆ ಮುಟ್ಟುತ್ತಾ ಸಿಲಿಂಡರು ಹುಡುಕಿ, ಕೀಲಿ ತಿರುಗಿಸಿ ವಾಲ್ವ್ ಮುಚ್ಚಿ, ಹಾಗೇ ಹಿಂದಕ್ಕೆ ಬಂದು ಬಾಗಿಲಾಚೆ ಉಸಿರು ಬಿಟ್ಟರು. ಎಲ್ಲಾ ಒಂದೇ ಉಸಿರಿನಲ್ಲಿ. ಚಿಕ್ಕಂದಿನಲ್ಲಿ ಬಾವಿಯಲ್ಲಿ ಮುಳುಗಿ ಕೊಡ ಹುಡುಕಿ ತರುತ್ತಿದ್ದರಂತೆ. ಮಾಸ್ಕ್ ಮುಟ್ಟಲು ಆಗುವುದಿಲ್ಲವಾದ್ದರಿಂದ ದಿನಾ ಕೆಲಸ ಮುಗಿದ ಮೇಲೆ ಇದನ್ನು ಅಭ್ಯಾಸ ಮಾಡಿಕೊಂಡಿದ್ದರು. ನಾನು ನಿಜಕ್ಕೂ ಬೆರಗಾದೆ. ಅದರ ಬೆನ್ನಲ್ಲೇ ಭಯವೂ ಆಯಿತು.

ಭಯ ಪಾಲಯ್ಯನವರ ಬಗ್ಗೆಯಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಉಳಿದವರೂ ಅದನ್ನೇ ಹಿಡಿದರು. ಎಂಜಲಿನ ತೊಂದರೆ ಇಲ್ಲದವರೂ ಮಾಸ್ಕ್ ಬಿಟ್ಟು ಉಸಿರು ಕಟ್ಟುವುದನ್ನು ಕಲಿಯತೊಡಗಿದರು. ಮಾಸ್ಕ್ ಹಾಕಿಕೊಂಡರೆ ಹೇಡಿ, ಉಸಿರು ಕಟ್ಟಿ ಹೋದರೆ ಗಂಡಸು ಎಂಬಂತಾಯಿತು. ಗುರುಮೂರ್ತಿ ಸಾಹೇಬರು ಕೂಡ ಘಟಕ ನೋಡಲು ಬಂದವರ ಮುಂದೆ, "ನಮ್ಮ ಪಾಲಯ್ಯ ಒಂದೇ ಉಸಿರಿಗೆ ಮುಚ್ತಾನೆ" ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ನಾನು ತಲೆ ತಲೆ ಚಚ್ಚಿಕೊಂಡೆ. ಒಬ್ಬೊಬ್ಬರಿಗೂ ಒಂದೊಂದು ಮಾಸ್ಕ್ ಕೊಡಿ ಎಂದು ಬರೆದೆ. ಘಟಕಕ್ಕೆ ಒಂದು ಎಂಬ ಉತ್ತರವೇ ತಿರುಗಿ ಬಂತು. ಪಾಲಯ್ಯನವರ ಉಸಿರು ದೊಡ್ಡದು, ಅದು ಎಲ್ಲರಿಗೂ ಇಲ್ಲ ಎಂದು ಎಲ್ಲ ತರಬೇತಿಯಲ್ಲೂ ಹೇಳಿದೆ. ತಲೆಯಾಡಿಸುತ್ತಿದ್ದರು, ನಾನು ಬಸ್ಸು ಹತ್ತಿದ ಮೇಲೆ ಮತ್ತೆ ಅದೇ ಆಟ.

ಆ ದಿನ ಹೊಸ ತಂಡವೊಂದಕ್ಕೆ ತರಬೇತಿ ಇತ್ತು. ಊಟ ಮುಗಿಸಿ ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ತಿಪ್ಪೇಸ್ವಾಮಿ ಖಾಲಿಯಾದ ಸಿಲಿಂಡರು ತೆಗೆದು ಹೊಸದನ್ನು ಜೋಡಿಸಿದ್ದ. ಪ್ರತಿ ಸಲವೂ ಸೀಸದ ವಾಷರು ಹೊಸದು ಹಾಕಬೇಕು. ಆತ ಹಳೆಯದನ್ನೇ ಹಾಕಿ ಬಿಗಿದಿದ್ದ. ವಾಲ್ವ್ ತೆರೆದ ಕೂಡಲೇ ಬುಸ್ಸೆಂದು ಸದ್ದು. ಆತ ಕೆಮ್ಮುತ್ತಾ ಹೊರಗೆ ಓಡಿ ಬಂದ. ಬಾಗಿಲಿನಿಂದ ಹಳದಿ ಹಸಿರು ಹೊಗೆ ನೆಲ ಹಿಡಿದು ಹೊರಟಿತು.

"ಮಾಸ್ಕ್! ಮಾಸ್ಕ್ ತಗೋ!" ಎಂದು ಕಿರುಚಿದೆ.

"ಏನಿಲ್ರಿ, ಮುಚ್ಚಿ ಬರ್ತೀನಿ" ಎಂದ. ಹೊಸಬರೆಲ್ಲ ನೋಡುತ್ತಿದ್ದರು. ಎದೆಯುಬ್ಬಿಸಿ ಉಸಿರೆಳೆದು, ಕಣ್ಣು ಮುಚ್ಚಿ, ಥೇಟ್ ಪಾಲಯ್ಯನವರ ಹಾಗೇ ಒಳಗೆ ನುಗ್ಗಿದ. ಆಗಷ್ಟೇ ಕೆಮ್ಮಿದ್ದ ಎದೆಯಲ್ಲಿ ಎಷ್ಟು ಉಸಿರು ನಿಲ್ಲುತ್ತದೆ? ಒಳಗೆ ಒಂದು ಕೆಮ್ಮು ಕೇಳಿತು, ಏನೋ ಬಿದ್ದ ಸದ್ದಾಯಿತು, ಆಮೇಲೆ ಆತನ ಸದ್ದೇ ಇಲ್ಲ.

ಪಾಲಯ್ಯನವರು ಫಿಲ್ಟರಿನ ಕಡೆಯಿಂದ ಓಡಿ ಬಂದರು. "ತಿಪ್ಪೇಸಾ! ಬಯಟಿಕಿ ರಾ! ಬಯಟಿಕಿ ರಾರಾ!" ಎಂದು ಮನೆಯ ತೆಲುಗಿನಲ್ಲಿ, ಹೊರಗೆ ಬಾ ಎಂದು ಕೂಗುತ್ತಿದ್ದರು. ಬಾಗಿಲಲ್ಲಿ ನಿಂತು ಉಸಿರು ಕಟ್ಟಿ ಒಳಗೆ ಹೋದರು. ಬರಿಗೈಲಿ ಹಿಂದಕ್ಕೆ ಬಂದರು. ಕಣ್ಣಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು.

"ಮೂಲೆಗೆ ಬಿದ್ದವ್ನೆ. ಎಳೀಬೇಕು. ಒಂದುಸಿರಿಗೆ ಆಗಲ್ಲ ಮೇಡಮ್ಮಾರೆ, ಆಗಲ್ಲ."

ಹೇಳುತ್ತಲೇ ಅವರು ಗೋಡೆಯ ಪೆಟ್ಟಿಗೆಗೆ ಕೈ ಹಾಕಿದರು. ಒಂದು ಕ್ಷಣವೂ ಯೋಚಿಸಲಿಲ್ಲ. ಮಾಸ್ಕ್ ಹೊರಗೆ ಎಳೆದು ಮುಖಕ್ಕೆ ಒತ್ತಿಕೊಂಡರು. ಆದರೆ ಅವರಿಗೆ ಅದನ್ನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಒಂದು ಸಲವೂ ಹಾಕಿ ನೋಡಿರಲಿಲ್ಲವಲ್ಲ. ಪಟ್ಟಿಗಳು ಒಂದಕ್ಕೊಂದು ಸುತ್ತಿಕೊಂಡವು. ಕಿವಿಯ ಮೇಲೆ ಹೋಗಬೇಕಾದದ್ದು ಕೆಳಗೆ ಬಂತು. ಮಾಸ್ಕಿನ ಮುಂದಿರುವ, ಗಾಳಿ ಸೋಸುವ ಡಬ್ಬಿಯ ಮುಚ್ಚಳ ಕಿತ್ತು ಗಾಳಿ ಒಳಬರುವಂತೆ ಮಾಡಬೇಕೆಂಬುದೂ ತಿಳಿದಿರಲಿಲ್ಲ. "ಇದು ಹೆಂಗ್ರೀ? ಯಾವ ಕಡೆಗ್ರೀ? ಬೇಗ ಹೇಳ್ರೀ!" ಒಳಗೆ ತಿಪ್ಪೇಸ್ವಾಮಿ ಬಿದ್ದಿದ್ದಾನೆ, ಹೊರಗೆ ಈ ದೊಡ್ಡ ಮನುಷ್ಯ ಕೂಸಿನ ಹಾಗೆ ನನ್ನ ಮುಂದೆ ಮುಖ ಒಡ್ಡಿ ನಿಂತಿದ್ದಾರೆ. ನಾನು ಮುಚ್ಚಳ ಕಿತ್ತು, ಪಟ್ಟಿಗಳನ್ನು ತಲೆಯ ಹಿಂದಕ್ಕೆ ಎಳೆದು ಬಿಗಿದೆ. ಗಾಜಿನ ಹಿಂದೆ ಅವರ ಕಣ್ಣು ಕಾಣಿಸಿತು, ಅದರ ಕೆಳಗೇ ಸಾಹೇಬರ ಎಲೆ ಅಡಿಕೆಯ ಕೆಂಪು.

ಒಳಗೆ ಹೋದರು. ತಿಪ್ಪೇಸ್ವಾಮಿಯ ತೋಳುಗಳ ಕೆಳಗೆ ಕೈ ಕೊಟ್ಟು ಹಿಮ್ಮುಖವಾಗಿ ಎಳೆದು ತಂದರು. ಹೊಸಬರು ಆತನನ್ನು ಹೊತ್ತು ಗಾಳಿಗೆ ಎದುರಾಗಿ ದಿಬ್ಬ ಹತ್ತಿಸಿದರು. ಇಬ್ಬರು ಕೆಳಗಿನ ಬಯಲಿನ ಕುರಿಗಾಹಿಯನ್ನು ಕೂಗಿ ಮಂದೆ ಸಮೇತ ಎತ್ತರಕ್ಕೆ ಓಡಿಸಿದರು. ಪಾಲಯ್ಯನವರು ಮತ್ತೆ ಒಳಗೆ ಹೋಗಿ ವಾಲ್ವ್ ಮುಚ್ಚಿ ಬಂದರು.

ತಿಪ್ಪೇಸ್ವಾಮಿ ಉಳಿದ. ಚಳ್ಳಕೆರೆ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಿ, ಬಹಳ ದಿನ ಇಟ್ಟುಕೊಂಡು ಉಳಿಸಿಕೊಟ್ಟರು. ಆದರೆ ಓವರ್‌ಹೆಡ್ ಟ್ಯಾಂಕಿನ ಏಣಿ ಹತ್ತುವ ಉಸಿರು ಆತನಿಗೆ ಮತ್ತೆ ಬರಲಿಲ್ಲ. ಕೆಳಗಿನ ಪಂಪಿನ ಕೆಲಸಕ್ಕೆ ಹಾಕಿಸಿದೆವು.

ಅವತ್ತು ಆಂಬುಲೆನ್ಸ್ ಹೋದ ಮೇಲೆ ಪಾಲಯ್ಯನವರು ದಿಬ್ಬದ ಮೇಲೆ ಮಾಸ್ಕ್ ಹಿಡಿದು ಕೂತಿದ್ದರು. ಎಂಜಲಾಯಿತೆಂದು ನೊಂದಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ಸಮಾಧಾನದ ಮಾತು ತೆಗೆದೆ.

"ಅದಲ್ರೀ. ಪಟ್ಟಿ ಕಟ್ಟಾಕೆ ಬಂದಿದ್ರೆ ಇನ್ನಷ್ಟು ಬೇಗ ಹೋಗ್ತಿದ್ದೆ. ನನ್ನ ನೋಡಿ ಅವನು ಉಸಿರು ಕಟ್ಟಿದ. ನನಗೆ ಇದನ್ನ ಹಾಕ್ಕೊಳ್ಳಾಕೂ ಬರ್ಲಿಲ್ಲ" ಎಂದರು. ಹೇಳಿ ಅತ್ತರು. ನಾನೂ ಅತ್ತೆ.

ಮಾಸ್ಕ್ ಹಾಕಿದ ವಿಷಯ ಅವರ ಹಟ್ಟಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅವರೇ ಹೋಗಿ ಹೇಳಿದರು. ಹಿರಿಯರು ಹಟ್ಟಿಯ ಬೇಲಿಯ ಹೊರಗೇ ನಿಲ್ಲಿಸಿ, ತಲೆಯ ಮೇಲೆ ತಣ್ಣೀರು ಸುರಿದು, ತುಂಬೆ ಹೂವಿನ ನೀರು ಚಿಮುಕಿಸಿ, ಹೊತ್ತು ಮುಳುಗುವವರೆಗೆ ಉಪವಾಸ ಕೂರಿಸಿ ಒಳಗೆ ಕರೆದುಕೊಂಡರು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು.

ಪಾಲಯ್ಯನವರು ಕೆಲಸಕ್ಕೆ ಬಂದವರೇ, "ಮುಂದಿನ ತರಬೇತಿ ಯಾವಾಗ್ರೀ?" ಎಂದು ಕೇಳಿದರು. ಆ ತರಬೇತಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತರು. "ಒಂದುಸಿರಿನ ಆಟ ಇಲ್ಲಿ ಶುರು ಮಾಡಿದ್ದು ನಾನು. ಅದರಿಂದ ಒಬ್ಬನ ಎದೆ ಹೋತು. ಇನ್ಮೇಲೆ ಆ ಆಟ ಇಲ್ಲ. ಎಲ್ರೂ ಇದನ್ನ ಹಾಕ್ಕೊಳ್ರಿ" ಎಂದು ಮಾಸ್ಕ್ ಕೊಟ್ಟರು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಅದು ಹೋಯಿತು. ನಡುವೆ ನಾನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತಿದ್ದೆ. ಪಾಲಯ್ಯನವರ ಕಣ್ಣಿನಲ್ಲಿ ಆ ಒರೆಸುವಿಕೆಗೆ ಏನೂ ಅರ್ಥವಿರಲಿಲ್ಲ, ಎಂಜಲು ಎಂಜಲೇ. ಕೊನೆಯವನ ಮುಖದಿಂದ ತೆಗೆದದ್ದನ್ನು ಅವರು ತಾವೇ ಹಾಕಿಕೊಂಡು, ಕಣ್ಣು ಮುಚ್ಚಿಯೇ ಪಟ್ಟಿ ಬಿಗಿದು ತೋರಿಸಿದರು. ಪಾಲಯ್ಯನೇ ಹಾಕಿಕೊಂಡ ಮೇಲೆ ನಾವು ಯಾವ ದೊಡ್ಡವರು ಎಂದುಕೊಂಡು ಆಮೇಲೆ ಯಾರೂ ಹಿಂದೆ ಸರಿಯಲಿಲ್ಲ. ಸಂಜೆ ಅವರು ನೇರ ಹಟ್ಟಿಯ ಬೇಲಿಯ ಹೊರಗೆ ಹೋಗಿ ನಿಂತರು. ಮತ್ತೆ ತಣ್ಣೀರು, ಮತ್ತೆ ತುಂಬೆ ಹೂವು.

ಹೀಗೇ ವರ್ಷಗಟ್ಟಲೆ ನಡೆಯಿತು. ತರಬೇತಿ ಆದಾಗೆಲ್ಲ ಶುದ್ಧಿ. ಮುಂದೆ ಒಬ್ಬೊಬ್ಬರಿಗೂ ಒಂದೊಂದು ಮಾಸ್ಕ್ ಬಂತು. ನಿಮ್ಮದೇ ಇದೆಯಲ್ಲ, ಅದರಲ್ಲೇ ತೋರಿಸಿ ಎಂದು ನಾನು ಗೋಗರೆದೆ. "ಒಳಗೆ ಮನುಷ್ಯ ಬಿದ್ದಾಗ ಯಾವ್ದು ಕೈಗೆ ಸಿಕ್ತೈತೋ ಅದನ್ನ ಹಾಕ್ಕೋಬೇಕಲ್ರೀ. ಹೊಸಬರು ಅದನ್ನ ಕಣ್ಣಾರೆ ನೋಡ್ಬೇಕು" ಎಂದು ಇನ್ನೊಬ್ಬರದನ್ನೇ ಇಸಿದುಕೊಳ್ಳುತ್ತಿದ್ದರು. ಕಟ್ಟುಪಾಡು ಬಿಡಿ ಎಂದು ಕೆಲವರು ಬುದ್ಧಿ ಹೇಳಿದರು, ತರಬೇತಿ ಬಿಡು ಎಂದು ಮನೆಯವರು ಹೇಳಿದರು. ಅವರು ಎರಡನ್ನೂ ಬಿಡಲಿಲ್ಲ.

ಒಂದು ದಿನ ತರಬೇತಿ ಮುಗಿಯುವ ಹೊತ್ತಿಗೆ ಹಟ್ಟಿಯಿಂದ ಸುದ್ದಿ ಬಂತು. ಹಿರಿಯರಿಗೆ ಬೇಸರವಾಗಿದೆ, ಇವತ್ತು ಪಾಲಯ್ಯ ಮನೆಯೋ ಕೆಲಸವೋ ಒಂದನ್ನು ಹೇಳಿಬಿಡಬೇಕಂತೆ ಎಂದು. ನಾನೂ ಅವರ ಜೊತೆ ಹೋದೆ. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ನಿಂತೆ. ಹಿರಿಯರು ನಾಲ್ಕಾರು ಜನ ಬೇವಿನ ಕೆಳಗೆ ಕೂತಿದ್ದರು. ಎತ್ತು ಕಾಯುವ ಅಣ್ಣನೂ ಇದ್ದ, ಆದರೆ ತಲೆಯೆತ್ತಿ ನೋಡಲಿಲ್ಲ. ನಾನು ಗ್ಯಾಸು, ಮಾಸ್ಕ್, ತಿಪ್ಪೇಸ್ವಾಮಿ ಎಂದು ಏನೇನೋ ಹೇಳಿದೆ. ಆಮೇಲೆ ಎಲ್ಲರಿಗಿಂತ ಹಿರಿಯ ಅಜ್ಜ ಪಾಲಯ್ಯನವರ ಕಡೆ ತಿರುಗಿದ.

"ಎಷ್ಟು ಸಲ ಅಂತ ನಿನ್ನ ತಲೆ ಮ್ಯಾಲೆ ನೀರು ಹಾಕೋದ್ಲೇ, ಪಾಲ?"

ಪಾಲಯ್ಯನವರು ಕೈ ಮುಗಿದುಕೊಂಡೇ ಹೇಳಿದರು. "ಎಷ್ಟು ಸಲ ಕಲಿಸ್ತೀನೋ ಅಷ್ಟು ಸಲ ಹಾಕ್ರಿ."

ಅಜ್ಜ ಕೋಲೂರಿ ಎದ್ದು, ತಾನೇ ಹೋಗಿ ಬಾವಿಕಟ್ಟೆಯ ಮೇಲಿದ್ದ ಕೊಡ ಎತ್ತಿಕೊಂಡು ಬಂದ.

"ಬಗ್ಗು ಮತ್ತೆ. ಹೊತ್ತು ಮುಳುಗಾಕೆ ಬಂತು, ಮನ್ಯಾಗೆ ಉಣ್ಣದೆ ಕಾಯ್ತಾವ್ರೆ."